ಮಗಳ ಬಾಣಂತನಕ್ಕೆ ದುಬೈಗೆ ಹೊರಟಿದ್ದೇನೆ, ಪೆಟ್ಟಿಗೆಯಲ್ಲಿ ಗಸಗಸೆ ಒಯ್ಯಬಹುದೇ?

ಪ್ರಶ್ನೆ: ಮಗಳ ಬಾಣಂತನಕ್ಕೆಂದು ನಾನೂ ನಮ್ಮ ಯಜಮಾನರೂ ಮುಂದಿನ ತಿಂಗಳು ದುಬೈಗೆ ಹೊರಟಿದ್ದೇವೆ. ಅಂಟಿನ ಉಂಡೆ, ಮಸಾಲೆ ಪುಡಿ, ಪಾಯಸಕ್ಕೆ ಸ್ವಲ್ಪ ಗಸಗಸೆ ಒಯ್ಯಬೇಕೆಂದಿದ್ದೇನೆ. ಯಜಮಾನರಿಗೆ ಸಕ್ಕರೆ ಕಾಯಿಲೆಯಿಂದ ಪಾದದ ಉರಿ ಇದ್ದು ದಿನವೂ ಮಾತ್ರೆ ನುಂಗುತ್ತಾರೆ. ನನಗೆ ನಿದ್ದೆಯ ಮಾತ್ರೆ ಇದೆ. ಪರಿಚಯದವರು ಅಲ್ಲಿರುವ ತಮ್ಮ ಮಗನಿಗೆಂದು ಒಂದು ಪೊಟ್ಟಣ ಕೊಡುವುದಾಗಿಯೂ ಹೇಳಿದ್ದಾರೆ. ಇವುಗಳಲ್ಲಿ ಯಾವುದರಿಂದಲಾದರೂ ತೊಂದರೆ ಆಗಬಹುದೇ?
– ಓದುಗರು, ಕುಂದಾಪುರ

ಉತ್ತರ: ಗಸಗಸೆಯನ್ನು ದಯವಿಟ್ಟು ಮನೆಯಲ್ಲೇ ಬಿಡಿ. ಅದು ಅಫೀಮಿನ ಗಿಡದ ಬೀಜ. ಕಾಯಿಯ ಹಾಲಿನಲ್ಲಿರುವ ಮಾರ್ಫಿನ್, ಕೊಡೀನ್ ಎಂಬ ಮಾದಕ ಅಂಶಗಳು ಅತ್ಯಲ್ಪ ಪ್ರಮಾಣದಲ್ಲಿ ಬೀಜಕ್ಕೂ ಅಂಟಿಕೊಂಡಿರುತ್ತವೆ. ನಮ್ಮ 1985ರ ಮಾದಕ ವಸ್ತು ನಿಯಂತ್ರಣ ಕಾಯ್ದೆ, ಅಂದರೆ ಎನ್‌ಡಿಪಿಎಸ್ ಕಾಯ್ದೆ, ಈ ಬೀಜವನ್ನು ತನ್ನ ವ್ಯಾಪ್ತಿಯಿಂದ ಹೊರಗಿಟ್ಟಿರುವುದರಿಂದಲೇ ನಾವು ಅದನ್ನು ದಿನಸಿ ಅಂಗಡಿಯಲ್ಲಿ ಕೊಂಡು ಪಾಯಸ ಮಾಡಿಕೊಂಡು ಉಣ್ಣುತ್ತಿದ್ದೇವೆ. ಆದರೆ ದುಬೈ ಸೇರಿದ ಸಂಯುಕ್ತ ಅರಬ್ ಸಂಸ್ಥಾನದಲ್ಲಿ ಮತ್ತು ಸಿಂಗಪುರದಲ್ಲಿ ಗಸಗಸೆ ನಿಷಿದ್ಧ ವಸ್ತುಗಳ ಸಾಲಿಗೆ ಸೇರುತ್ತದೆ. ಬೀಜವನ್ನು ಬಿಟ್ಟರೆ ಸಾಲದು, ಅದು ಸೇರಿದ ತಿನಿಸುಗಳನ್ನೂ ನೆನಪಿಸಿಕೊಳ್ಳಬೇಕು. ಅಂಟಿನ ಉಂಡೆಗೆ ಕೊಬ್ಬರಿ, ಉತ್ತುತ್ತೆಯ ಜೊತೆ ಗಸಗಸೆಯನ್ನೂ ಹುರಿದು ಹಾಕುವ ರೂಢಿ ಅನೇಕ ಮನೆಗಳಲ್ಲಿದೆ. ಕೋಳಿ ಸಾರಿನ ಮಸಾಲೆಯಲ್ಲೂ ಅದು ಇರುತ್ತದೆ. ಗಸಗಸೆ ಹಾಕದೆ ಉಂಡೆ ಕಟ್ಟಿಕೊಂಡು ಹೋಗಿ. ಅಂಗಡಿಯಿಂದ ತರುವ ಲೇಹ್ಯವಾದರೆ ಡಬ್ಬಿಯ ಮೇಲಿನ ಪಟ್ಟಿಯನ್ನು ಓದಿ, ‘ವಿಜಯಾ’ ಎಂಬ ಹೆಸರು ಕಂಡರೆ ಅದು ಭಂಗಿಸೊಪ್ಪು ಎಂದು ತಿಳಿದು ಪಕ್ಕಕ್ಕಿಡಿ.

ಮಾತ್ರೆಗಳ ವಿಷಯದಲ್ಲಿ ಇನ್ನೂ ಹೆಚ್ಚಿನ ಎಚ್ಚರ ಬೇಕು, ಏಕೆಂದರೆ ವೈದ್ಯರು ಬರೆದುಕೊಟ್ಟ ಔಷಧ ಅಪರಾಧವಾಗಬಹುದೆಂದು ಯಾರಿಗೂ ಹೊಳೆಯುವುದಿಲ್ಲ. ಪಾದದ ಉರಿಗೆ ಸಾಮಾನ್ಯವಾಗಿ ಕೊಡುವ ಪ್ರಿಗ್ಯಾಬಲಿನ್, ನಿದ್ದೆಗೆ ಕೊಡುವ ಅಲ್ಪ್ರಾಜೋಲಾಮ್ ಮತ್ತು ಕ್ಲೋನಾಜೆಪಾಮ್, ನೋವಿಗೆ ಕೊಡುವ ಟ್ರಮಡಾಲ್, ಕೊಡೀನ್ ಸೇರಿದ ಕೆಮ್ಮಿನ ಸಿರಪ್, ಇವೆಲ್ಲವೂ ಅಲ್ಲಿ ನಿಯಂತ್ರಿತ ಔಷಧಗಳು. ಇಂಥವನ್ನು ಒಯ್ಯುವವರು ಹೊರಡುವ ಮೊದಲೇ ಅಲ್ಲಿನ ಸರ್ಕಾರದ ಆನ್‌ಲೈನ್ ಅನುಮತಿ ಪಡೆಯಬೇಕು. ಅದಕ್ಕೆ ವೈದ್ಯರ ಚೀಟಿಯನ್ನೂ ವೈದ್ಯಕೀಯ ವರದಿಯನ್ನೂ ಸಿದ್ಧಮಾಡಿಕೊಳ್ಳಿ. ನಮ್ಮಲ್ಲಿ ಚೀಟಿಯ ಮೇಲೆ ಬ್ರ್ಯಾಂಡ್ ಹೆಸರು ಮಾತ್ರ ಇರುವುದು ಹೆಚ್ಚು. ಔಷಧದ ಮೂಲ ಹೆಸರನ್ನೂ ದಿನದ ಪ್ರಮಾಣವನ್ನೂ ಇಂಗ್ಲಿಷಿನಲ್ಲಿ ಸ್ಪಷ್ಟವಾಗಿ ಬರೆದು, ಸಹಿ ಮತ್ತು ಮೊಹರು ಹಾಕಿಕೊಡುವಂತೆ ವೈದ್ಯರನ್ನು ಕೇಳಿ. ಮಾತ್ರೆಗಳನ್ನು ಅವುಗಳ ಮೂಲ ಪಟ್ಟಿಯಲ್ಲೇ ಇಟ್ಟುಕೊಳ್ಳಿ, ಬಿಡಿಸಿ ಬೇರೆ ಡಬ್ಬಿಗೆ ತುಂಬಬೇಡಿ. ವಾಸದ ಅವಧಿಗೆ ಬೇಕಾದಷ್ಟನ್ನು ಮಾತ್ರ ಒಯ್ಯಿರಿ. 2017ರಲ್ಲಿ ಸುಮಾರು 290 ಟ್ರಮಡಾಲ್ ಮಾತ್ರೆಗಳೊಂದಿಗೆ ಈಜಿಪ್ಟಿಗೆ ಹೋದ ಬ್ರಿಟಿಷ್ ಮಹಿಳೆಯೊಬ್ಬರಿಗೆ ಅಲ್ಲಿನ ನ್ಯಾಯಾಲಯ ಮೂರು ವರ್ಷಗಳ ಸೆರೆವಾಸ ವಿಧಿಸಿತು. ಆ ಮಾತ್ರೆಗಳು ಬೆನ್ನುನೋವಿನಿಂದ ಬಳಲುತ್ತಿದ್ದ ತಮ್ಮ ಸಂಗಾತಿಗಾಗಿ ಎಂದು ಆಕೆ ಹೇಳಿದ್ದರು.

ಪರಿಚಯದವರ ಪೊಟ್ಟಣದ ಬಗ್ಗೆ ನನ್ನ ಉತ್ತರ ಒಂದೇ: ಬೇಡ. ಕರಾವಳಿಯಲ್ಲಿ ಊರಿನಿಂದ ಗಲ್ಫಿಗೆ ಹೋಗುವವರ ಕೈಯಲ್ಲಿ ಸಾಮಾನು ಕೊಟ್ಟು ಕಳಿಸುವುದು ಎಷ್ಟು ಸಹಜವೆಂಬುದನ್ನೂ, ಬೇಡವೆಂದರೆ ಮನಸ್ತಾಪವಾಗುತ್ತದೆ ಎಂಬುದನ್ನೂ ಬಲ್ಲೆ. ಆದರೂ ಮುಂಬೈನ ಒಂದು ಜೋಡಿಗೆ ಆದದ್ದನ್ನು ಕೇಳಿ. 2019ರ ಜುಲೈನಲ್ಲಿ ಅವರಿಬ್ಬರೂ ದೋಹಾದಲ್ಲಿ ಇಳಿದಾಗ ಅವರ ಸಾಮಾನಿನಲ್ಲಿ ನಾಲ್ಕು ಕಿಲೋಗೂ ಹೆಚ್ಚು ಚರಸ್ ಸಿಕ್ಕಿತು. ಪ್ರವಾಸದ ಖರ್ಚನ್ನೂ ತಾನೇ ಕೊಟ್ಟಿದ್ದ ಹತ್ತಿರದ ಸಂಬಂಧಿ, ಸ್ನೇಹಿತರಿಗೆ ಜರ್ದಾ ಎಂದು ಹೇಳಿ ಕೊಟ್ಟ ಪೊಟ್ಟಣ ಅದು. ಇಬ್ಬರಿಗೂ ಹತ್ತು ವರ್ಷಗಳ ಶಿಕ್ಷೆಯಾಯಿತು, ಗರ್ಭಿಣಿಯಾಗಿದ್ದ ಆಕೆಗೆ ಸೆರೆಯಲ್ಲೇ ಹೆರಿಗೆಯಾಯಿತು. ಭಾರತದ ಮಾದಕ ವಸ್ತು ನಿಯಂತ್ರಣ ಸಂಸ್ಥೆಯಾದ ಎನ್‌ಸಿಬಿ ತನಿಖೆ ನಡೆಸಿ ಅವರು ಮೋಸಹೋದವರೆಂಬುದನ್ನು ತೋರಿಸಿದ ಮೇಲೆ ಮರುವಿಚಾರಣೆ ನಡೆದು, 2021ರಲ್ಲಿ ಖುಲಾಸೆಯಾಗಿ ಮಗುವಿನೊಂದಿಗೆ ಊರಿಗೆ ಮರಳಿದರು. ಎರಡು ಸರ್ಕಾರಗಳು ಕೈಜೋಡಿಸಿದರೂ ಅದಕ್ಕೆ ಸುಮಾರು ಎರಡು ವರ್ಷ ಹಿಡಿಯಿತು. ನಿಮ್ಮ ಪರಿಚಯದವರ ಮೇಲೆ ನನಗೆ ಅನುಮಾನವಿಲ್ಲ. ಆದರೆ ಅವರ ಕೈಗೆ ಅದನ್ನು ಯಾರು ಕೊಟ್ಟರೆಂಬುದು ನಿಮಗೂ ನನಗೂ ಗೊತ್ತಿಲ್ಲ. ಅವರು ಕೊರಿಯರ್ ಮೂಲಕವೇ ಕಳಿಸಿಕೊಳ್ಳಲಿ.

ಪ್ರಶ್ನೆ: ಇಂಜಿನಿಯರಿಂಗ್ ಮುಗಿಸಿದ ಮಗ ಸ್ನೇಹಿತರೊಂದಿಗೆ ಬ್ಯಾಂಕಾಕಿಗೆ ಹೋಗಿ, ಸಿಂಗಪುರ ನೋಡಿಕೊಂಡು ಬೆಂಗಳೂರಿಗೆ ಮರಳುವವನಿದ್ದಾನೆ. ಥಾಯ್ಲೆಂಡಿನಲ್ಲಿ ಗಾಂಜಾ ತಪ್ಪಲ್ಲವಂತೆ ಎಂದು ಅವರು ಮಾತಾಡಿಕೊಳ್ಳುವುದು ಕಿವಿಗೆ ಬಿತ್ತು. ನಿಜವೇ?
– ಓದುಗರು, ದಾವಣಗೆರೆ

ಉತ್ತರ: ಅರ್ಧ ನಿಜ, ಅದೂ ಹಳೆಯ ಮಾತು. ಥಾಯ್ಲೆಂಡ್ 2022ರ ಜೂನ್ 9ರಂದು ಗಾಂಜಾವನ್ನು ಮಾದಕ ವಸ್ತುಗಳ ಪಟ್ಟಿಯಿಂದ ತೆಗೆದದ್ದು ಹೌದು. ಆದರೆ 2025ರ ಜೂನ್‌ನಲ್ಲಿ ನಿಯಮ ಬಿಗಿಯಾಗಿ, ಗಾಂಜಾ ಹೂವನ್ನು ಕೊಳ್ಳಲು ವೈದ್ಯರ ಚೀಟಿ ಬೇಕೆಂದಾಯಿತು. ನನ್ನ ಮುಖ್ಯ ಆತಂಕ ಅಲ್ಲಿಂದ ಮುಂದಿನ ಎರಡು ವಿಮಾನ ನಿಲ್ದಾಣಗಳದ್ದು.

ಸಿಂಗಪುರದಲ್ಲಿ 500 ಗ್ರಾಂಗಿಂತ ಹೆಚ್ಚು ಗಾಂಜಾ ಅಥವಾ 15 ಗ್ರಾಂಗಿಂತ ಹೆಚ್ಚು ಹೆರಾಯಿನ್ ಸಾಗಿಸಿದರೆ ಮರಣದಂಡನೆ. 2012ರ ತಿದ್ದುಪಡಿ ಕೇವಲ ಸಾಗಿಸಿದವರಿಗೆ, ಅದೂ ಕೆಲವು ಷರತ್ತುಗಳ ಮೇಲೆ, ಜೀವಾವಧಿ ಶಿಕ್ಷೆಯ ಅವಕಾಶ ಕೊಟ್ಟಿದೆಯಷ್ಟೆ. ಹುಡುಗರು ಅಷ್ಟೊಂದು ಒಯ್ಯುವವರಲ್ಲ ಎಂದು ನೀವು ಸಮಾಧಾನಪಟ್ಟುಕೊಳ್ಳುವ ಮೊದಲು ಇನ್ನೆರಡು ಸಂಗತಿ ತಿಳಿದಿರಲಿ. 15 ಗ್ರಾಂ ಗಾಂಜಾ ಮೀರಿದರೆ ಅದು ಮಾರಾಟಕ್ಕೇ ಎಂದು ಅಲ್ಲಿನ ಕಾನೂನು ಊಹಿಸುತ್ತದೆ. ವಸ್ತು ನಿಮ್ಮ ಚೀಲದಲ್ಲಿ ಸಿಕ್ಕರೆ ಅದು ನಿಮ್ಮದೆಂದೂ, ಅದು ಏನೆಂಬುದು ನಿಮಗೆ ಗೊತ್ತಿತ್ತೆಂದೂ ಊಹಿಸುತ್ತದೆ. ಅಲ್ಲವೆಂದು ಸಾಬೀತುಪಡಿಸುವ ಹೊಣೆ ಸಿಕ್ಕಿಬಿದ್ದವನದು. ‘ಸ್ನೇಹಿತ ನನ್ನ ಬ್ಯಾಗಿನಲ್ಲಿಟ್ಟಿದ್ದ’ ಎಂಬ ಮಾತು ನಿಜವೇ ಆಗಿದ್ದರೂ ಅದನ್ನು ಬರಿಗೈಯಲ್ಲಿ ಸಾಬೀತುಪಡಿಸುವುದು ಹೇಗೆ? ಅಷ್ಟಕ್ಕಿಂತ ಕಡಿಮೆ ಇದ್ದರೂ ಕೇವಲ ಇಟ್ಟುಕೊಂಡ ತಪ್ಪಿಗೆ ಹತ್ತು ವರ್ಷಗಳವರೆಗೆ ಸೆರೆವಾಸ ಆಗಬಹುದು. ಗಾಂಜಾ ಅಂಶವಿರುವ ಚಾಕೊಲೇಟ್, ಬಿಸ್ಕತ್ತು, ವೇಪ್ ಎಣ್ಣೆ ಎಲ್ಲವೂ ಇದರಡಿ ಬರುತ್ತವೆ. ಗಡಿಯಲ್ಲಿ ಮೂತ್ರ ಅಥವಾ ಲಾಲಾರಸದ ಪರೀಕ್ಷೆಯನ್ನೂ ಮಾಡಬಹುದು.

ಇದು ಹೊರದೇಶಗಳ ಕ್ರೌರ್ಯವೆಂದು ಮಾತ್ರ ಭಾವಿಸಬೇಡಿ. ಆರೋಪಿಗೆ ತಿಳಿದೇ ಇತ್ತೆಂದು ಊಹಿಸುವ 35ನೇ ಕಲಂ ನಮ್ಮ ಎನ್‌ಡಿಪಿಎಸ್ ಕಾಯ್ದೆಯಲ್ಲೂ ಇದೆ. ಬ್ಯಾಂಕಾಕಿನಿಂದ ತಂದ ಹೈಡ್ರೋಪೋನಿಕ್, ಅಂದರೆ ಮಣ್ಣಿಲ್ಲದೆ ನೀರಿನಲ್ಲಿ ಬೆಳೆದ, ಗಾಂಜಾ ಬೆಂಗಳೂರಿನ ಕೆಂಪೇಗೌಡ ವಿಮಾನ ನಿಲ್ದಾಣದಲ್ಲಿ ಮತ್ತೆ ಮತ್ತೆ ಸಿಕ್ಕಿಬೀಳುತ್ತಿದೆ. ಒಂದು ಕಿಲೋ ಮೀರಿದರೆ ಹತ್ತು ವರ್ಷಗಳವರೆಗೆ, 20 ಕಿಲೋ ಮೀರಿದರೆ ಹತ್ತರಿಂದ ಇಪ್ಪತ್ತು ವರ್ಷಗಳವರೆಗೆ ಕಠಿಣ ಶಿಕ್ಷೆ ಇದೆ. ಪುಕ್ಕಟೆ ಟಿಕೆಟ್, ಹೋಟೆಲ್ ಖರ್ಚು ಕೊಡುತ್ತೇವೆ, ಬರುವಾಗ ಒಂದು ಬ್ಯಾಗ್ ತಂದರೆ ಸಾಕು ಎಂದು ಯಾರಾದರೂ ಕರೆದರೆ ಅದು ಯಾವ ಬ್ಯಾಗ್ ಎಂಬುದನ್ನು ಮಗನಿಗೆ ಬಿಡಿಸಿ ಹೇಳಿ.

ಎಷ್ಟು ಎಚ್ಚರವಿದ್ದರೂ ಬಂಧನವಾದರೆ, ಭಾರತೀಯ ದೂತಾವಾಸಕ್ಕೆ ತಿಳಿಸಿರೆಂದು ಕೇಳುವ ಹಕ್ಕು 1963ರ ವಿಯೆನ್ನಾ ಒಪ್ಪಂದದ 36ನೇ ವಿಧಿಯಿಂದ ಬಂದಿದೆ. ಬಾಯಿಬಿಟ್ಟು ಕೇಳಬೇಕು, ಅರ್ಥವಾಗದ ಭಾಷೆಯ ಕಾಗದಕ್ಕೆ ದುಭಾಷಿಯಿಲ್ಲದೆ ಸಹಿ ಹಾಕಬಾರದು. ದೂತಾವಾಸದವರು ಬಂದು ನೋಡಬಲ್ಲರು, ವಕೀಲರ ಹೆಸರು ಕೊಡಬಲ್ಲರು, ಮನೆಗೆ ಸುದ್ದಿ ಮುಟ್ಟಿಸಬಲ್ಲರು. ಬಿಡಿಸಿಕೊಂಡು ಬರುವ ಅಧಿಕಾರ ಅವರಿಗಿಲ್ಲ. ನಿಮ್ಮ ಮಗ ಹೊರಡುವ ಮುನ್ನ ಪಾಸ್‌ಪೋರ್ಟಿನ ಪ್ರತಿಯನ್ನೂ ಆಯಾ ದೇಶದ ಭಾರತೀಯ ದೂತಾವಾಸದ ದೂರವಾಣಿ ಸಂಖ್ಯೆಯನ್ನೂ ನಿಮ್ಮ ಬಳಿ ಬರೆದಿಟ್ಟುಕೊಳ್ಳಿ.