ಲಿನಕ್ಸ್‌ಗೂ ಆಂಟಿವೈರಸ್ ಬೇಕಾ?

ಪ್ರಶ್ನೆ: ವಿಂಡೋಸ್ ತೀರಾ ನಿಧಾನ ಆಯ್ತು ಅಂತ ಹಳೇ ಲ್ಯಾಪ್‌ಟಾಪಿಗೆ ಲಿನಕ್ಸ್ ಮಿಂಟ್ ಹಾಕಿಸಿಕೊಂಡೆ. ಎಸ್.ಪಿ. ರೋಡಿನ ಅಂಗಡಿಯವರು "ಬ್ಯಾಂಕ್ ಕೆಲಸ ಮಾಡ್ತೀರಲ್ಲ, ಇದಕ್ಕೂ ಆಂಟಿವೈರಸ್ ತಗೊಳ್ಳಿ" ಅಂದರು. ಗೆಳೆಯ ಲಿನಕ್ಸ್‌ಗೆ ವೈರಸ್ಸೇ ಬರಲ್ಲ ಅಂತಾನೆ. ಯಾರ ಮಾತು ಕೇಳಲಿ?
– ಓದುಗರೊಬ್ಬರು, ಬಸವನಗುಡಿ, ಬೆಂಗಳೂರು

ಉತ್ತರ: ದುಡ್ಡು ಕೊಟ್ಟು ತಗೊಳ್ಳಬೇಡಿ. ಹಾಗಂತ ನಿಮ್ಮ ಗೆಳೆಯರ ಮಾತೂ ಪೂರ್ತಿ ಸರಿಯಲ್ಲ, ಲಿನಕ್ಸ್‌ಗೂ ವೈರಸ್ ಬರೆಯುವವರಿದ್ದಾರೆ. ಆದರೆ ಅವರ ಕಣ್ಣು ಹೆಚ್ಚಾಗಿ ಸರ್ವರ್‌ಗಳ ಮೇಲೆ, ಮನೆಯ ರೌಟರ್, ಕ್ಯಾಮೆರಾಗಳ ಮೇಲೆ. ನಿಮ್ಮ ಲ್ಯಾಪ್‌ಟಾಪಿಗೆ ಅಪಾಯ ಬಂದರೆ ಬಹುಮಟ್ಟಿಗೆ ನೀವೇ ಬಾಗಿಲು ತೆಗೆದಾಗ ಬರುತ್ತದೆ. ಯಾವುದೋ ಸೈಟಿನಲ್ಲಿ ಕಂಡ ಕಮ್ಯಾಂಡನ್ನು ಟರ್ಮಿನಲ್‌ಗೆ (ಕಮ್ಯಾಂಡ್ ಟೈಪ್ ಮಾಡುವ ಕಿಟಕಿಗೆ) ಅಂಟಿಸಿ, ಕೇಳಿದ ಕೂಡಲೇ ಪಾಸ್‌ವರ್ಡ್ ಕೊಟ್ಟುಬಿಟ್ಟರೆ ಇಡೀ ಯಂತ್ರವನ್ನೇ ಕೊಟ್ಟ ಹಾಗೆ. ಪಾಸ್‌ವರ್ಡ್ ಕೇಳಿದಾಗ ಒಂದು ನಿಮಿಷ ನಿಂತು, ಯಾಕೆ ಕೇಳ್ತಿದೆ ಅಂತ ನೋಡಿ. ಬೇಕಾದ ಸಾಫ್ಟ್‌ವೇರನ್ನು ಮಿಂಟ್‌ನ ಸಾಫ್ಟ್‌ವೇರ್ ಮ್ಯಾನೇಜರ್‌ನಿಂದಲೇ ಹಾಕಿಕೊಳ್ಳಿ. ಪರದೆಯ ಕೆಳಗೆ ಗುರಾಣಿಯಂಥ ಚಿತ್ರ ಇದೆಯಲ್ಲ, ಅದು ಅಪ್‌ಡೇಟ್ ಬಂದಿದೆ ಅಂತ ತೋರಿಸಿದರೆ ಮುಂದೂಡಬೇಡಿ.

2016ರ ಫೆಬ್ರವರಿಯಲ್ಲಿ ಮಿಂಟ್‌ನ ಸ್ವಂತ ಸೈಟಿಗೇ ಕಳ್ಳರು ನುಗ್ಗಿ, 17.3 ಸಿನಮನ್ ಆವೃತ್ತಿಯ ಡೌನ್‌ಲೋಡ್ ಲಿಂಕನ್ನು ಬದಲಿಸಿ, ತಾವು ಗುಟ್ಟಾಗಿ ಒಳಬರಲು ಹಿಂಬಾಗಿಲು ಇಟ್ಟ ಐಎಸ್ಒ ಫೈಲಿನ (ಮಿಂಟ್ ಹಾಕಿಕೊಳ್ಳಲು ಇಳಿಸಿಕೊಳ್ಳುವ ಫೈಲು) ಕಡೆ ತಿರುಗಿಸಿದ್ದರು. ಅದಕ್ಕೇ ಐಎಸ್ಒ ಇಳಿಸಿಕೊಂಡ ಮೇಲೆ ಚೆಕ್‌ಸಮ್ (ಫೈಲು ಬದಲಾಗಿದೆಯಾ ಅಂತ ತಿಳಿಸುವ ಅಕ್ಷರ-ಅಂಕಿಗಳ ಸಾಲು) ಹೋಲಿಸಿ ನೋಡಿ ಅಂತ ನಾನು ಎಲ್ಲರಿಗೂ ಹೇಳುವುದು. ನಿಮಗೆ ಬೇರೆಯವರು ಹಾಕಿಕೊಟ್ಟಿದ್ದರೆ, ಐಎಸ್ಒ ಎಲ್ಲಿಂದ ತಂದಿರಿ ಅಂತ ಕೇಳಿ.

ಇನ್ನು ಪೆನ್‌ಡ್ರೈವ್. ಮೊನ್ನೆ ಜೆರಾಕ್ಸ್ ಅಂಗಡಿಯಲ್ಲಿ ಪ್ರಿಂಟ್ ತೆಗೆಸಿ ಬಂದು ನನ್ನ ಲಿನಕ್ಸ್ ಯಂತ್ರಕ್ಕೆ ಚುಚ್ಚಿದೆ. ಪ್ರತಿ ಫೋಲ್ಡರ್ ಪಕ್ಕದಲ್ಲೂ ಅದೇ ಹೆಸರಿನ ಒಂದು ಶಾರ್ಟ್‌ಕಟ್, ಜೊತೆಗೆ ನಾನು ಹಾಕಿರದ ಒಂದು ವಿಬಿಎಸ್ ಫೈಲು (ವಿಂಡೋಸ್‌ನಲ್ಲಿ ಓಡುವ ಸ್ಕ್ರಿಪ್ಟ್). ವಿಂಡೋಸ್‌ನಲ್ಲಾದರೆ ನಿಜವಾದ ಫೋಲ್ಡರ್‌ಗಳು ಮರೆಯಾಗಿ ಶಾರ್ಟ್‌ಕಟ್‌ಗಳಷ್ಟೇ ಕಾಣುತ್ತವೆ, ಜನ ಅದನ್ನೇ ಒತ್ತುತ್ತಾರೆ, ವೈರಸ್ ಓಡುತ್ತದೆ. ಲಿನಕ್ಸ್‌ನಲ್ಲಿ ಎರಡೂ ಕಂಡವು, ಶಾರ್ಟ್‌ಕಟ್‌ಗಳನ್ನೂ ಆ ವಿಬಿಎಸ್ ಫೈಲನ್ನೂ ಅಳಿಸಿ ಹಾಕಿದೆ. ನನಗೇನೂ ಆಗಲಿಲ್ಲ, ಆದರೆ ಹಾಗೇ ತಂಗಿಗೆ ಕೊಟ್ಟಿದ್ದರೆ ಅವಳ ವಿಂಡೋಸ್‌ಗೆ ಅಂಟುತ್ತಿತ್ತು ಅಲ್ವಾ? ನೀವೂ ಫೈಲುಗಳನ್ನು ಹೀಗೆ ಬೇರೆಯವರಿಗೆ ಕೊಡುವವರಾದರೆ ಕ್ಲಾಮ್‌ಎವಿ ಅನ್ನೋ ಆಂಟಿವೈರಸ್ ಹಾಕಿಕೊಳ್ಳಿ, ಪುಕ್ಕಟೆ ಸಿಗುತ್ತದೆ. ಕೊಡುವ ಮುಂಚೆ ಒಮ್ಮೆ ಸ್ಕ್ಯಾನ್ ಮಾಡಿದರೆ ಸಾಕು, ಸುಮ್ನೆ ಇಡೀ ದಿನ ಓಡಿಸಿ ಹಳೇ ಲ್ಯಾಪ್‌ಟಾಪಿಗೆ ಭಾರ ಹಾಕಬೇಡಿ.

ಬ್ಯಾಂಕ್ ವಿಷಯದಲ್ಲಿ ಭಯ ಇರಬೇಕಾದ್ದು ನಕಲಿ ಸೈಟುಗಳ ಬಗ್ಗೆ. ಅಲ್ಲಿ ನಿಮ್ಮ ಕೈಯಾರೆ ಒಟಿಪಿ ಹಾಕಿದರೆ ಲಿನಕ್ಸೂ ಉಳಿಸುವುದಿಲ್ಲ. ಬ್ಯಾಂಕಿನ ವಿಳಾಸ ನೀವೇ ಟೈಪ್ ಮಾಡಿ ಬುಕ್‌ಮಾರ್ಕ್ ಇಟ್ಟುಕೊಳ್ಳಿ, ಮೆಸೇಜಿನಲ್ಲಿ ಬಂದ ಲಿಂಕ್ ಒತ್ತಿ ಹೋಗಬೇಡಿ.