ಈಜಿಪ್ಟ್‌ನಲ್ಲಿ ಫುಟ್‌ಬಾಲ್ ಲೀಗ್ ಸತತ ಎರಡು ಸೀಸನ್ ರದ್ದಾಗಿದ್ದು ಯಾಕೆ?

ಎರಡಕ್ಕೂ ಕಾರಣ ಬೇರೆ ಬೇರೆ, ಆದರೆ ಬೇರು ಒಂದೇ: ಅಧ್ಯಕ್ಷ ಮುಬಾರಕ್‌ರನ್ನು ಕೆಳಗಿಳಿಸಿದ 2011ರ ಕ್ರಾಂತಿಯ ನಂತರದ ಗಲಾಟೆ.

ಮೊದಲನೆಯದು 2011-12ರ ಸೀಸನ್. 2012ರ ಫೆಬ್ರವರಿ 1ರಂದು ಪೋರ್ಟ್ ಸೈದ್ ನಗರದಲ್ಲಿ ಅಲ್ಲಿನ ಅಲ್ ಮಸ್ರಿ ತಂಡ ಕೈರೋದ ಅಲ್ ಅಹ್ಲಿಯನ್ನು 3-1ರಿಂದ ಸೋಲಿಸಿತು. ಗೆದ್ದ ತಂಡದ ಅಭಿಮಾನಿಗಳೇ ಮೈದಾನಕ್ಕೆ ನುಗ್ಗಿ ಅಹ್ಲಿ ಅಭಿಮಾನಿಗಳ ಮೇಲೆ ಬಿದ್ದರು. ಓಡೋಣ ಅಂದರೆ ಹೊರಗೆ ಹೋಗುವ ಗೇಟಿಗೆ ಬೀಗ. ಅದರ ಮೇಲೆ ದೀಪಗಳೂ ಆರಿದವು. ಒಬ್ಬ ಹುಡುಗ ಆಟಗಾರರ ಡ್ರೆಸಿಂಗ್ ರೂಮಿನಲ್ಲೇ ಪ್ರಾಣ ಬಿಟ್ಟ. 70ಕ್ಕೂ ಜಾಸ್ತಿ ಜನ ಸತ್ತರು. ಪೊಲೀಸರು ಬೇಕಂತಲೇ ಸುಮ್ಮನಿದ್ದರು ಅನ್ನೋದು ಅಭಿಮಾನಿಗಳ ದೂರು. ಕ್ರಾಂತಿಯ ವೇಳೆ ಕೈರೋದ ತಹ್ರೀರ್ ಚೌಕದಲ್ಲಿ ಪೊಲೀಸರನ್ನು ಎದುರಿಸಿದವರಲ್ಲಿ ಅಹ್ಲಿಯ ಅಲ್ಟ್ರಾಸ್ (ಕಟ್ಟಾ ಅಭಿಮಾನಿಗಳ ಗುಂಪು) ಹುಡುಗರೂ ಇದ್ದರಲ್ವಾ, ಅದಕ್ಕೇ ಈ ಸೇಡು ಅಂತ. ಮಾರ್ಚ್‌ನಲ್ಲಿ ಲೀಗ್ ರದ್ದಾಯಿತು.

ಮುಂದಿನ ಸೀಸನ್ ಶುರುವಾಗಿದ್ದೇ 2013ರ ಫೆಬ್ರವರಿಯಲ್ಲಿ. ಬೇಗ ಮುಗಿಸೋಣ ಅಂತ 18 ತಂಡಗಳನ್ನು ಎರಡು ಗುಂಪು ಮಾಡಿದರು, ಪ್ರೇಕ್ಷಕರಿಗೆ ಪ್ರವೇಶವಿಲ್ಲದೆ ಪಂದ್ಯ ಆಡಿಸಿದರು. ಅಷ್ಟರಲ್ಲಿ ಜುಲೈ 3ರಂದು ಸೇನೆ ಅಧ್ಯಕ್ಷ ಮೊರ್ಸಿಯನ್ನು ಕೆಳಗಿಳಿಸಿತು. ಬೀದಿಯಲ್ಲಿ ಗುಂಡು ಹಾರುವಾಗ ಪಂದ್ಯಕ್ಕೆ ಭದ್ರತೆ ಕೊಡೋರು ಯಾರು? ಚಾಂಪಿಯನ್ ಯಾರೆಂದು ತೀರ್ಮಾನವಾಗುವ ಮೊದಲೇ ಲೀಗ್ ನಿಂತಿತು.

ನನಗೆ ಈಗಲೂ ಬೆರಗು ಹುಟ್ಟಿಸೋದು ಇನ್ನೊಂದು ವಿಷಯ. ಸರಿಯಾಗಿ ಲೀಗೇ ನಡೆಯದ ಆ 2012 ಮತ್ತು 2013ರಲ್ಲಿ ಇಡೀ ಆಫ್ರಿಕಾದ ಕ್ಲಬ್‌ಗಳ ಟೂರ್ನಿಯಾದ ಆಫ್ರಿಕಾ ಚಾಂಪಿಯನ್ಸ್ ಲೀಗ್ ಗೆದ್ದಿದ್ದು ಇದೇ ಅಲ್ ಅಹ್ಲಿ!