‘ಸಂಜೀವಿನಿ’ ಅನ್ನೋ ಪದ ತೆಗೆಯಿರಿ

ನಿಮ್ಮ ‘ಪ್ಲೇಟ್‌ಲೆಟ್ ಎಂಬ ಸಂಜೀವಿನಿ’ ಲೇಖನ ಓದಿದೆ. ವಿಷಯ ಹೊಸದು, ಭಾಷೆ ಸಲೀಸಾಗಿದೆ. ಪ್ಲೇಟ್‌ಲೆಟ್ ಅಂದ್ರೆ ಡೆಂಗಿ ಬಂದಾಗ ಇಳಿಯೋದು ಅಂತಷ್ಟೇ ಗೊತ್ತಿರುವವರಿಗೆ, ಈ ರಕ್ತಕಣಗಳು ತಮ್ಮ ಮೈಯಿಂದ ಸಣ್ಣ ಸಣ್ಣ ಚೀಲಗಳನ್ನು ಉದುರಿಸುತ್ತವೆ, ಅವನ್ನೇ ಔಷಧಿ ಮಾಡಲು ಹೊರಟಿದ್ದಾರೆ ಅಂತ ಹೇಳಿದ್ದೀರಿ. ಒಳ್ಳೆಯದು.

ಎರಡನೇ ಪುಟದಲ್ಲಿ ಮಾತ್ರ ಸಿಟ್ಟು ಬಂತು.

‘ಈ ಕಿರುಚೀಲಗಳು ಸಕ್ಕರೆ ಕಾಯಿಲೆಯ ಗಾಯವನ್ನು ಬೇಗ ಮಾಯಿಸುತ್ತವೆ ಎಂದು ಸಾಬೀತಾಗಿದೆ.’ ಯಾರ ಗಾಯ? 2017ರಲ್ಲಿ ಚೀನಾದ ಸಂಶೋಧಕರು ಮಾಯಿಸಿ ತೋರಿಸಿದ್ದು ಇಲಿಗಳ ಗಾಯವನ್ನು. ನಿಮ್ಮ ಲೇಖನದಲ್ಲಿ ಇಲಿ ಅನ್ನೋ ಪದವೇ ಇಲ್ಲ.

‘ಮನುಷ್ಯರ ಮೇಲಿನ ಪ್ರಯೋಗವೂ ಯಶಸ್ವಿಯಾಗಿದೆ.’ ಆಸ್ಟ್ರೇಲಿಯಾದ ಆ ಪ್ರಯೋಗದ ವರದಿ 2023ರಲ್ಲಿ ಬಂತು. ಇದ್ದವರು 11 ಜನ, ಎಲ್ಲರೂ ಆರೋಗ್ಯವಂತರು. ಚರ್ಮದಲ್ಲಿ ಸಣ್ಣ ಗಾಯ ಮಾಡಿ, ಬೇರೆಯವರ ಪ್ಲೇಟ್‌ಲೆಟ್‌ನಿಂದ ತೆಗೆದ ಚೀಲಗಳನ್ನು ಕೊಟ್ಟರು. ಯಾರಿಗೂ ತೊಂದರೆಯಾಗಲಿಲ್ಲ, ಅವರು ಮುಖ್ಯವಾಗಿ ನೋಡಬೇಕಿದ್ದದ್ದೂ ಅದನ್ನೇ. ಆದರೆ ಮದ್ದು ಬಿದ್ದ ಗಾಯವೂ ಬೀಳದ ಗಾಯವೂ ಹೆಚ್ಚುಕಡಿಮೆ ಅಷ್ಟೇ ದಿನಕ್ಕೆ ಮಾಯ್ದವು. ಗಟ್ಟಿಮುಟ್ಟಾಗಿರುವವರ ಗಾಯ ಹೇಗೂ ಮಾಯುತ್ತೆ ಅಲ್ವಾ? ತಿಂಗಳುಗಟ್ಟಲೆ ಮಾಯದ ಗಾಯ ಇಟ್ಟುಕೊಂಡವರಿಗೆ ಇದು ಕೆಲಸ ಮಾಡುತ್ತಾ ಅನ್ನೋದಕ್ಕೆ ಆ ಪ್ರಯೋಗದಲ್ಲಿ ಉತ್ತರ ಇಲ್ಲ. ಹೀಗಿರುವಾಗ ‘ಯಶಸ್ವಿ’ ಅಂತ ಸುಮ್ನೆ ಬರೆದುಬಿಟ್ಟರೆ ಓದುವವರು ಏನಂತ ತಿಳಿಯಬೇಕು?

‘ಯಾವ ಅಡ್ಡ ಪರಿಣಾಮವೂ ಇಲ್ಲ.’ 1967ರಲ್ಲಿ ಸಂಶೋಧಕ ಪೀಟರ್ ವುಲ್ಫ್ ಈ ಕಿರುಚೀಲಗಳನ್ನು ‘ಪ್ಲೇಟ್‌ಲೆಟ್ ಧೂಳು’ ಅಂತ ಕರೆದಾಗ ಗುರುತಿಸಿದ್ದೇ ಇವು ರಕ್ತ ಹೆಪ್ಪುಗಟ್ಟಲು ನೆರವಾಗುತ್ತವೆ ಅಂತ. ಬೇಡದ ಕಡೆ ರಕ್ತ ಹೆಪ್ಪುಗಟ್ಟಿದರೆ ಅಪಾಯ ಅಲ್ವಾ? ಹಾಗಿರುವಾಗ ಈ ಸಾಲು ಬರೆಯಲು ಕೈ ಹೇಗೆ ಬಂತು?

ನಾನು ಒಂದು ವಾರಪತ್ರಿಕೆಯಲ್ಲಿ ಕೆಲಸ ಕಲಿಯುತ್ತಿದ್ದಾಗ ಒಂದು ಬೇರಿನ ಬಗ್ಗೆ ಬರೆದು ‘ರಾಮಬಾಣ’ ಅಂತ ಹೆಡ್ಡಿಂಗ್ ಕೊಟ್ಟಿದ್ದೆ. ಮುಂದಿನ ವಾರ ಒಬ್ಬರು ಆ ಪುಟ ಕತ್ತರಿಸಿ, ನಾಲ್ಕು ಮಡಿಕೆ ಮಾಡಿ ಜೇಬಲ್ಲಿಟ್ಟುಕೊಂಡು ಬಸ್ಸು ಹತ್ತಿ ಆಫೀಸಿಗೇ ಬಂದರು. ಅಮ್ಮನ ಕಾಲಲ್ಲಿ ಮಾಯದ ಹುಣ್ಣು. ‘ಇದು ಎಲ್ಲಿ ಸಿಗುತ್ತೆ ಸಾರ್?’ ಅಂದರು. ನಮ್ಮ ಸಂಪಾದಕರು ನನ್ನನ್ನು ಕರೆದು, ‘ಬರೆದವನು ನೀನು, ನೀನೇ ಹೇಳು’ ಅಂದರು. ನನ್ನ ಬಾಯಿಂದ ಮಾತು ಹೊರಡಲಿಲ್ಲ. ಅವರು ಆ ಕಾಗದವನ್ನು ಅದೇ ಮಡಿಕೆಗಳಲ್ಲಿ ಮತ್ತೆ ಮಡಚಿ ಜೇಬಿಗಿಟ್ಟುಕೊಂಡರು. ಆ ಬೆರಳುಗಳು ಇವತ್ತಿಗೂ ಕಣ್ಣಮುಂದಿವೆ. ಅದಕ್ಕೇ ‘ಸಂಜೀವಿನಿ’ ಅಂತ ಕಂಡರೆ ನನ್ನ ಕೈ ಪೆನ್ಸಿಲ್ ಹುಡುಕುತ್ತದೆ.

ಕೊನೆಯಲ್ಲಿ, ಬ್ಲಡ್ ಬ್ಯಾಂಕಿನಲ್ಲಿ ಪ್ಲೇಟ್‌ಲೆಟ್ ತುಂಬಿದ ಹಳದಿ ಚೀಲಗಳು 22 ಡಿಗ್ರಿಯಲ್ಲಿ ತೊಟ್ಟಿಲ ಹಾಗೆ ತೂಗುತ್ತಿರುತ್ತವೆ, ಐದು ದಿನದಲ್ಲಿ ಬಳಸದಿದ್ದರೆ ಎಸೆಯಬೇಕು ಅಂತ ನೀವೇ ನೋಡಿ ಬರೆದಿದ್ದೀರಲ್ಲ, ಅದನ್ನು ಮೊದಲ ಪ್ಯಾರಾ ಮಾಡಿ. ಅಲ್ಲಿಂದ ಇಲಿಗೆ ಬನ್ನಿ, ಆಮೇಲೆ ಆ 11 ಜನಕ್ಕೆ. ತಿದ್ದಿ ಕಳಿಸಿ, ಬಂದ ದಿನವೇ ಓದುತ್ತೇನೆ.